ಉಪ್ಪರಿಗೆಯಲ್ಲಿ ದೀಪವಿಲ್ಲ

ಅಂಗಡಿಯ ಮಾಡಿನಲ್ಲಿ ನಾಲ್ಕು ಹಂಚು ಜಾರಿದೆ, ಬಂದು ನೋಡು ಎಂದು ಮಾವ ಅಳಿಯನಿಗೆ ಫೋನ್ ಮಾಡಿದ್ದರು. ಅಳಿಯನ ಜೊತೆ ಒಬ್ಬರೇ ಮಾತಾಡಿದರೆ ಜಗಳವಾಗುತ್ತದೆ ಎಂಬುದು ಅವರ ಅನುಭವ, ಹಾಗಾಗಿ ನನ್ನನ್ನೂ ಕರೆದರು. ಮಳೆ ಹಿಂದೆ ಸರಿದ ಹೊಸತು, ಒಂದು ಮಂಗಳವಾರದ ಸಂಜೆ, ಕುಂದಾಪುರದ ಹಳೆ ಪೇಟೆ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಉಪ್ಪರಿಗೆ, ಹಿತ್ತಿಲಲ್ಲಿ ಬಾವಿ ಇರುವ ಕಟ್ಟಡ. ಒಂದು ಕಾಲದಲ್ಲಿ ಇಲ್ಲಿ ಕೊಡೆ, ಟಾರ್ಚು, ತಗಡಿನ ಟ್ರಂಕು ಮಾರುತ್ತಿದ್ದರು. ಬೊಂಬಾಯಿಗೆ ಹೊರಟವರು ಮೂರನ್ನೂ ಕೊಂಡು ಬಸ್ಸು ಹತ್ತುತ್ತಿದ್ದರು. ಇವರಿಬ್ಬರೂ ಆಡಿದ್ದು ಕುಂದಾಪ್ರ ಕನ್ನಡ. ಬೇರೆ ಊರಿನವರಿಗೂ ತಿಳಿಯಲಿ ಎಂದು ನಾನು ಅದನ್ನು ಸ್ವಲ್ಪ ಚಪ್ಪೆ ಮಾಡಿ ಬರೆದಿದ್ದೇನೆ.

ಅಳಿಯ: ನಾಲ್ಕು ಹಂಚಲ್ಲ ಮಾವ, ಹಂಚು ಹೊರುವ ಪಕಾಸೇ ಕುಂಬಾಗಿದೆ. ಬರೀ ಹಂಚು ಹಾಕಿಸಿದರೆ ಮುಂದಿನ ಆಸಾಡಿಗೆ ಪುನಃ ಇದೇ ಕತೆ.

ಮಾವ: ಮುಂದಿನ ಆಸಾಡಿಯದ್ದು ಆಗ ನೋಡುವ. ಈಗ ನಾಲ್ಕು ಹಂಚು ಹಾಕಿಸು.

ಅಳಿಯ: ಹೀಗೆ ಹಂಚು ಹಾಕಿಸುತ್ತಾ ಇಪ್ಪತ್ತು ವರ್ಷ ಕಳೆಯಿತು. ಬಾಡಿಗೆ ಬಂದದ್ದು ಎಷ್ಟು?

ಮಾವ: ಬಾಡಿಗೆಗೆ ಯಾರು ಬರುತ್ತಾರೆ ಮಾರಾಯ? ಪೇಟೆಯನ್ನು ಕೊಂದೇ ಬಿಟ್ಟಿತಲ್ಲ ಆ ಫ್ಲೈಓವರ್! ನೀನು ಅಮೆರಿಕದಲ್ಲಿದ್ದೆ, ನಿನಗೆ ಗೊತ್ತಿಲ್ಲ. ಚತುಷ್ಪಥದ ಕೆಲಸ ಸುರುವಾದದ್ದು 2010ರ ಸುಮಾರಿಗೆ. ಶಾಸ್ತ್ರಿ ಸರ್ಕಲ್‌ನಲ್ಲಿ ಕಂಬ ಎದ್ದಿತು, ಎದ್ದದ್ದು ಹಾಗೇ ನಿಂತಿತು. ಶಾಲೆಗೆ ಸೇರುವಾಗ ಆ ಕಂಬ ಕಂಡ ಮಕ್ಕಳು ಎಸ್‌ಎಸ್‌ಎಲ್‌ಸಿ ಹತ್ತಿರ ಬರುವಾಗಲೂ ಅದನ್ನೇ ಕಂಡರು. ಅದರ ಮೇಲೆ ಗಾಡಿ ಓಡಿದ್ದು 2021ರಲ್ಲಿ.

ಅಳಿಯ: ಈಗ ಓಡುತ್ತಿದೆಯಲ್ಲ.

ಮಾವ: ಅದೇ ತೊಂದರೆ. ಮೊದಲು ಮಂಗಳೂರಿಂದ ಭಟ್ಕಳಕ್ಕೆ ಹೋಗುವವನೂ ಇಲ್ಲಿ ಇಳಿದು ಚಾ ಕುಡಿಯುತ್ತಿದ್ದ. ಈಗ ಅವನಿಗೆ ಕುಂದಾಪುರ ಎಂದರೆ ಒಂದು ಹಸುರು ಬೋರ್ಡು. ಬೊಬ್ಬರ್ಯನಕಟ್ಟೆಯ ಹತ್ತಿರವಾದರೂ ಊರೊಳಗೆ ಇಳಿಯಲಿಕ್ಕೆ ದಾರಿ ಕೊಡಿ ಎಂದು ಜನ ಎಷ್ಟು ಕೂಗಿದರು! ಬೊಬ್ಬರ್ಯ ಎಂದರೆ ಯಾರು? ಕಡಲಲ್ಲಿ ಸಿಕ್ಕಿಬಿದ್ದವರನ್ನು ದಡಕ್ಕೆ ತರುವ ದೈವ. ಅವನ ಕಟ್ಟೆಯ ಎದುರೇ ನಿಂತು ನೆಲದ ಮೇಲೆ ದಾರಿ ಕೇಳುವ ಗತಿ ನಮಗೆ.

ಅಳಿಯ: ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಈ ಅಂಗಡಿ ಮುಚ್ಚಿದ್ದು ಯಾವ ವರ್ಷ?

ಮಾವ: 2006.

ಅಳಿಯ: ಆಗ ಫ್ಲೈಓವರ್ ಎಲ್ಲಿತ್ತು?

ಮಾವ: ಆಗ ನಿನ್ನ ಅತ್ತೆಗೆ ಮಂಡಿನೋವು.

(ನಾನು ನಕ್ಕೆ. ಮಾವ ನಗಲಿಲ್ಲ.)

ಅಳಿಯ: ಮಂಡಿನೋವಿನಿಂದ ಉಪ್ಪರಿಗೆ ಹತ್ತಲಾಗಲಿಲ್ಲ, ಕೋಟೇಶ್ವರದಲ್ಲಿ ಹತ್ತು ಸೆಂಟ್ಸ್ ತೆಗೆದುಕೊಂಡು ತಾರಸಿ ಮನೆ ಕಟ್ಟಿದಿರಿ. ಅದಕ್ಕೆ ಮೊದಲು ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತಿತ್ತು?

ಮಾವ: ರಾತ್ರಿ ಹತ್ತು. ಕೊನೆಯ ಬಸ್ಸಿನವರು ಬರುತ್ತಿದ್ದರು. ಒಳಗೆ ಊಟಕ್ಕೆ ಕೂತಿದ್ದರೂ ಯಾರಾದರೂ ಹಲಗೆ ತಟ್ಟಿದರೆ ಎದ್ದು ಬಂದು ಟಾರ್ಚಿನ ಸೆಲ್ಲು ಕೊಡುತ್ತಿದ್ದೆ. ಕೋಟೇಶ್ವರಕ್ಕೆ ಹೋದ ಮೇಲೆ ಏಳೂವರೆಗೆ ಹಲಗೆ ಹಾಕುವುದಾಯಿತು. ಮಳೆಗಾಲದಲ್ಲಿ ಏಳು. ಎದುರಿನವರೂ ಹಂಗಳೂರಿಗೆ ಹೋದರು, ಬಲಬದಿಯವರ ಮಕ್ಕಳು ಬೆಂಗಳೂರಿಗೆ ಕರೆಸಿಕೊಂಡರು.

ಅಳಿಯ: ನಾನು ಹೇಳುವುದು ಅದನ್ನೇ. ಪೇಟೆಗೆ ಹೊರಗಿನ ಜನ ಬರುವುದು ಕಮ್ಮಿಯಾದದ್ದು ಆಮೇಲೆ. ಪೇಟೆಯಲ್ಲಿ ಮಲಗುವವರು ಕಮ್ಮಿಯಾದದ್ದು ಮೊದಲು. ಈಗ ಗಂಟೆ ಎಂಟಾಗಲಿಲ್ಲ, ಮೇಲೆ ನೋಡಿ. ಈ ಸಾಲಿನಲ್ಲಿ ಒಂದಾದರೂ ಉಪ್ಪರಿಗೆಯಲ್ಲಿ ದೀಪ ಇದೆಯಾ?

(ಮೂವರೂ ತಲೆ ಎತ್ತಿದೆವು. ಒಂದು ಕಡೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕು.)

ಮಾವ: ಊರು ಎಂದರೆ ಹೀಗೆಯೇ. ಬಸ್ರೂರು ನೋಡು. ಪೋರ್ಚುಗೀಸರು ಬಾರ್ಸೆಲೋರ್ ಎಂದು ನಕ್ಷೆಯಲ್ಲಿ ಬರೆದಿಟ್ಟುಕೊಂಡ ಬಂದರು ಅದು. 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ದೋಚಿದ ಎಂದರೆ ದೋಚಲಿಕ್ಕೆ ಅಲ್ಲಿ ಎಂತದೋ ಇತ್ತು ಅಂತ ತಾನೆ? ಹಡಗು ದೊಡ್ಡದಾಯಿತು, ಹೊಳೆಯಲ್ಲಿ ಹೂಳು ತುಂಬಿತು, ವ್ಯಾಪಾರ ಕೆಳಗೆ ಅಳಿವೆಯ ಬಾಯಿಗೆ, ಇಲ್ಲಿಗೆ ಇಳಿಯಿತು. ಅಲ್ಲಿ ಉಳಿದದ್ದು ಕೇರಿಗಳ ಹೆಸರು. ಆಚೆ ಬ್ರಹ್ಮಾವರದ ಹತ್ತಿರ ಬಾರಕೂರು ಇದೆ, ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರ ಒಂದು ರಾಜ್ಯದ ಕೇಂದ್ರ. ಈಗ ಅಲ್ಲಿಯೂ ಕೋಟೆಕೇರಿ, ಮೂಡುಕೇರಿ ಎಂದು ಹೆಸರುಂಟು, ಕೇರಿ ಇಲ್ಲ. ನಮ್ಮ ಸರದಿ ಬಂತು, ಅಷ್ಟೆ.

ಅಳಿಯ: ಬಸ್ರೂರಿನ ವ್ಯಾಪಾರ ಹೋದದ್ದು ಊರು ಬಿಟ್ಟು. ನಮ್ಮದು ಎಲ್ಲಿಗೂ ಹೋಗಲಿಲ್ಲ ಮಾವ. ಮೂರು ನಾಲ್ಕು ಕಿಲೋಮೀಟರ್ ಆಚೆ ಹೆದ್ದಾರಿಯ ಬದಿಗೆ ಹೋಗಿ ಕೂತಿದೆ. ಕೋಟೇಶ್ವರ, ಹಂಗಳೂರು, ತಲ್ಲೂರು ಎಲ್ಲ ಕಡೆ ಹೊಸ ಕಾಂಪ್ಲೆಕ್ಸು. ಇದು ಊರು ಸಾಯುವ ರೋಗ ಅಲ್ಲ, ಊರಿನ ನಡು ಮಾತ್ರ ಟೊಳ್ಳಾಗುವ ರೋಗ. ಇದನ್ನು ನಾನು ಬೇರೆ ಕಡೆ ಕಂಡಿದ್ದೇನೆ.

ಮಾವ: ಸುರುವಾಯಿತು ಅಮೆರಿಕ.

ಅಳಿಯ: ಕೇಳಿ ಒಮ್ಮೆ. ನಾನು ಆರು ವರ್ಷ ಇದ್ದದ್ದು ರಾಚೆಸ್ಟರ್‌ನಲ್ಲಿ. ನ್ಯೂಯಾರ್ಕ್ ರಾಜ್ಯದ್ದೇ, ಆದರೆ ನ್ಯೂಯಾರ್ಕಿನ ಹಾಗೆ ದೊಡ್ಡದಲ್ಲ, ನಮ್ಮ ಮಂಗಳೂರಿಗಿಂತಲೂ ಸಣ್ಣದು. ಕೊಡಾಕ್ ಕಂಪೆನಿಯ ಊರು.

ಮಾವ: ಸ್ಟುಡಿಯೋದಲ್ಲಿ ಹಳದಿ ಡಬ್ಬಿ ಇರುತ್ತಿತ್ತಲ್ಲ, ಅದಾ?

ಅಳಿಯ: ಅದೇ. 1980ರ ದಶಕದ ಸುರುವಿನಲ್ಲಿ ಆ ಒಂದೇ ಕಂಪೆನಿಯಲ್ಲಿ ಆ ಊರಿನ ಸುಮಾರು 60 ಸಾವಿರ ಜನ ದುಡಿಯುತ್ತಿದ್ದರು. 2012ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಊರು ಹಾಳಾದದ್ದು ಕೊಡಾಕ್‌ನಿಂದ ಎಂದು ಎಲ್ಲರೂ ಹೇಳುತ್ತಾರೆ, ನೀವು ಫ್ಲೈಓವರ್ ಹೇಳಿದ ಹಾಗೆ. ಆದರೆ 1950ರಲ್ಲಿ 3 ಲಕ್ಷ 32 ಸಾವಿರ ಇದ್ದ ಜನಸಂಖ್ಯೆ ಅದಕ್ಕೂ ಮೊದಲೇ ಇಳಿಯಲು ಹತ್ತಿತ್ತು. 2020ರ ಎಣಿಕೆಯಲ್ಲಿ 2 ಲಕ್ಷ 11 ಸಾವಿರ. ಕೈಯಲ್ಲಿ ಕಾರು ಬಂದವರು ಊರಾಚೆ ಹುಲ್ಲಿನಂಗಳದ ಮನೆ ಕಟ್ಟಿಕೊಂಡರು. ಪೇಟೆ ಖಾಲಿಯಾಗುತ್ತಿದೆ ಎಂದು ಆಡಳಿತದವರಿಗೆ ಗಾಬರಿಯಾಯಿತು. ಹೊರಗಿನವರು ಬೇಗ ಪೇಟೆಗೆ ಬರಲಿ ಎಂದು ಪೇಟೆಯ ಸುತ್ತ ಕಂದಕದ ಹಾಗೆ ತೋಡಿ ಅದರೊಳಗೆ ಹೆದ್ದಾರಿ ಹಾಕಿದರು. 1965ರಲ್ಲಿ ಅದು ಮುಗಿಯಿತು. ಅದಕ್ಕಾಗಿ ಕೆಡವಿದ್ದು ಪೇಟೆಯ ಅಂಚಿನ ನೂರಾರು ಮನೆಗಳನ್ನು.

ಮಾವ: ಜನ ಬಂದರಾ?

ಅಳಿಯ: ಬಂದರು, ಆಫೀಸಿಗೆ. ಐದು ಗಂಟೆಗೆ ಅದೇ ದಾರಿಯಲ್ಲಿ ಇನ್ನೂ ಬೇಗ ಮನೆಗೆ ಹೋದರು. ಪೇಟೆಯ ನಡುವೆ 1962ರಲ್ಲಿ ಮಾಡು ಹೊದಿಸಿದ ದೊಡ್ಡ ಮಾಲ್ ಕಟ್ಟಿದ್ದರು, ಅಮೆರಿಕಕ್ಕೆಲ್ಲ ಮಾದರಿ ಎಂದು ಹೊಗಳಿಸಿಕೊಂಡದ್ದು. 2008ರಲ್ಲಿ ಮುಚ್ಚಿತು, ಕೆಡವಿದರು. ಆಮೇಲೆ ಬುದ್ಧಿ ಬಂತು. 2014ರಿಂದ 2017ರ ಒಳಗೆ ಕಂದಕದ ಪೂರ್ವದ ಭಾಗಕ್ಕೆ ಮಣ್ಣು ತುಂಬಿ ಮಾಮೂಲಿ ಬೀದಿ ಮಾಡಿದರು. ಆರು ಎಕರೆಯಷ್ಟು ಜಾಗ ಸಿಕ್ಕಿತು. ಅಲ್ಲಿ ಎದ್ದದ್ದು ಹೆಚ್ಚಿಗೆ ಜನ ವಾಸಿಸುವ ಮನೆಗಳು. ಮಾಲ್ ಜೊತೆಗಿದ್ದ ಗೋಪುರವನ್ನು ಉಳಿಸಿಕೊಂಡು ಅದರ ಮೇಲಿನ ಮಹಡಿಗಳನ್ನೂ ಮನೆ ಮಾಡಿದರು. ನಾನು ಬಿಟ್ಟು ಬರುವಾಗ ಆ ಬದಿಯಲ್ಲಿ ರಾತ್ರಿ ನಾಯಿ ಹಿಡಿದುಕೊಂಡು ಓಡಾಡುವವರು ಕಾಣಲು ಸುರುವಾಗಿತ್ತು.

ಮಾವ: ಪೂರ್ತಿ ಸರಿಯಾಯಿತಾ ಊರು?

ಅಳಿಯ: ಇಲ್ಲ. ಬಡತನ ಇನ್ನೂ ಬೇಕಾದಷ್ಟಿದೆ. ಒಂದು ಮೂಲೆಗೆ ಜೀವ ಬಂತು, ಅಷ್ಟು ಹೇಳಬಹುದು.

ಮಾವ: ಅವರು ಹೊಂಡ ಮುಚ್ಚುವ ಹೊತ್ತಿಗೆ ನಾವು ಗೋಡೆ ಎಬ್ಬಿಸುತ್ತಿದ್ದೆವು. ಇರಲಿ, ಅವರ ಹತ್ತಿರ ದುಡ್ಡಿದೆ.

ಅಳಿಯ: ದುಡ್ಡು ಇಲ್ಲಿ ಇಲ್ಲವಾ? ಬೆಂಗಳೂರಿನ ಬೇಕರಿ, ಬೊಂಬಾಯಿಯ ಹೊಟೇಲು, ದುಬೈಯ ಸಂಬಳ, ಮೂರರಲ್ಲಿ ಒಂದಾದರೂ ಇಲ್ಲದ ಮನೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕಿನಲ್ಲಿ ಎಷ್ಟಿದ್ದಾವು? ದಿನಾ ರಾತ್ರಿ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ಸುಗಳ ಸಾಲು ನೋಡಿ. ಆ ದುಡ್ಡು ಊರಿಗೆ ಬರುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬರುತ್ತದೆ, ನಾಗಮಂಡಲಕ್ಕೆ ಬರುತ್ತದೆ, ಹರಕೆಯ ಯಕ್ಷಗಾನ ಆಟಕ್ಕೆ ಬರುತ್ತದೆ, ವರ್ಷಕ್ಕೆ ಹದಿನೈದು ದಿನ ಬಾಗಿಲು ತೆಗೆಯುವ ಬಂಗಲೆಗೂ ಬರುತ್ತದೆ. ಹೆದ್ದಾರಿ ಬದಿಯ ಕಾಂಪ್ಲೆಕ್ಸಿಗೂ ಬರುತ್ತದೆ. ಕೆಳಗೆ ಒಂದು ಮೊಬೈಲ್ ಅಂಗಡಿ, ಮೇಲೆ ಎರಡು ಮಾಳಿಗೆ ‘ಬಾಡಿಗೆಗಿದೆ’ ಎಂಬ ಬೋರ್ಡು ತೂಗುಹಾಕಿಕೊಂಡು ನಿಂತಿದ್ದರೂ ಅವರಿಗೆ ಚಿಂತೆಯಿಲ್ಲ. ಈ ಬೀದಿಗೆ ಮಾತ್ರ ಬರುವುದಿಲ್ಲ. ಯಾಕೆ ಹೇಳಿ?

ಮಾವ: ಅದು ನನ್ನ ಹತ್ತಿರ ಕೇಳಬೇಕಾ? ಅದನ್ನು ಹೊತ್ತುಕೊಂಡೇ ಮುದುಕನಾದೆ ನಾನು.

(ಇಲ್ಲಿಂದ ಮುಂದೆ ಮಾವನ ಸ್ವರ ಬದಲಾಯಿತು. ಜಗಲಿಯ ಕಂಬಕ್ಕೆ ಒರಗಿ ಕೂತರು.)

ಮಾವ: ಈ ನೆಲ ನಮ್ಮದಲ್ಲ. ಮೂಲಗೇಣಿ. ನನ್ನ ಅಜ್ಜಿಯ ಅಣ್ಣ ಇದನ್ನು ಹಿಡಿದದ್ದು ವರ್ಷಕ್ಕೆ ಆರು ರೂಪಾಯಿ ನಾಲ್ಕಾಣೆ ಗೇಣಿಗೆ, ಸೂರ್ಯಚಂದ್ರರು ಇರುವವರೆಗೆ ಎಂದು ಚೀಟಿಯಲ್ಲಿ ಬರೆದಿದೆ. ಗೇಣಿ ಏರಿಸುವ ಹಾಗಿಲ್ಲ, ನಮ್ಮನ್ನು ಎಬ್ಬಿಸುವ ಹಾಗೂ ಇಲ್ಲ. ಕಟ್ಟಡ ನಮ್ಮದು, ಅದು ಕೂತ ನೆಲ ಅವರದು. 1974ರಲ್ಲಿ ಭೂಸುಧಾರಣೆ ಬಂತಲ್ಲ, ಆಗ ಗದ್ದೆಯ ಗೇಣಿದಾರರೆಲ್ಲ ಡಿಕ್ಲರೇಶನ್ ಹಾಕಿ ಒಡೆಯರಾದರು. ನಮ್ಮ ಅಮ್ಮನ ಹೆಸರಿಗೂ ಹಳ್ಳಿಯಲ್ಲಿ ಅಷ್ಟು ಗದ್ದೆ ಆಯಿತು. ಆದರೆ ಆ ಕಾನೂನು ಕೃಷಿಭೂಮಿಗೆ. ನೇಗಿಲು ಹಿಡಿದವನು ಒಡೆಯನಾದ, ಪೇಟೆಯಲ್ಲಿ ತಕ್ಕಡಿ ಹಿಡಿದು ಕೂತವನು ಗೇಣಿದಾರನಾಗಿಯೇ ಉಳಿದ. 2011ರಲ್ಲಿ ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ ಮಾಡಿದರು. ನೆಲದವರು ಕೋರ್ಟಿಗೆ ಹೋದರು. ಅವರ ಮೇಲೂ ಸಿಟ್ಟು ಮಾಡಲಾರೆ. ಸೆಂಟ್ಸಿಗೆ ಲಕ್ಷಗಟ್ಟಲೆ ಬಾಳುವ ನೆಲಕ್ಕೆ ಆರು ರೂಪಾಯಿ ನಾಲ್ಕಾಣೆ ತೆಗೆದುಕೊಂಡು ಕೂತವರು ಅವರು.

ಅಳಿಯ: ಒಂದು ಬ್ಯಾಂಕಿನಲ್ಲಿ ರಿಪೇರಿಗೆ ಸಾಲ ಕೇಳಿದೆ. ಪುರಸಭೆಯ ತೆರಿಗೆ ರಶೀದಿ, ಕರೆಂಟ್ ಬಿಲ್ಲು, ಎಲ್ಲ ಸರಿ ಇದೆ, ನೆಲದ ಒಡೆಯರ ಒಪ್ಪಿಗೆ ತನ್ನಿ ಎಂದರು. ಒಪ್ಪಿಗೆ ಕೇಳಲು ಹೋದರೆ ಅಲ್ಲಿಯೂ ಹದಿನೆಂಟು ಜನ ವಾರಸುದಾರರು.

ಮಾವ: ಅವರಲ್ಲಿ ಹದಿನೆಂಟು, ನಮ್ಮಲ್ಲಿ ಇಪ್ಪತ್ತೇಳು. ನಮ್ಮದು ಅಳಿಯಸಂತಾನ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ನನ್ನ ಅಜ್ಜಿಯ ಕಾಲದಲ್ಲಿ ಪಾಲು ಕೇಳುವವರೇ ಇರಲಿಲ್ಲ. ಯಜಮಾನ ನೋಡಿಕೊಳ್ಳುತ್ತಿದ್ದ, ಮಾಡು ಸೋರಿದರೆ ಯಾರ ಸಹಿಯೂ ಇಲ್ಲದೆ ಹಂಚು ಹಾಕಿಸುತ್ತಿದ್ದ. 1949ರ ಕಾಯ್ದೆಯಿಂದ ಕವರು ಕವರಿಗೆ, ಎಂದರೆ ಒಬ್ಬೊಬ್ಬ ಹೆಂಗಸಿನ ಸಂತಾನಕ್ಕೆ, ಪಾಲು ಬಂತು. 1956ರ ಉತ್ತರಾಧಿಕಾರ ಕಾಯ್ದೆಯ ಮೇಲೆ ಗಂಡಸರ ಪಾಲು ಅವರವರ ಹೆಂಡತಿ ಮಕ್ಕಳಿಗೆ ಹೋಯಿತು. ತಪ್ಪಲ್ಲ, ನ್ಯಾಯವೇ. ಆದರೆ ಗದ್ದೆಯನ್ನು ಅಂಚು ಹಾಕಿ ಹಂಚಬಹುದು. ಹದಿನಾಲ್ಕು ಅಡಿ ಅಗಲದ ಅಂಗಡಿಯನ್ನು ಹೇಗೆ ಹಂಚುತ್ತಿ? ಹಾಗಾಗಿ ಯಾರೂ ಹಂಚಲಿಲ್ಲ, ಯಾರೂ ಬಿಡಲಿಲ್ಲ.

ಅಳಿಯ: ಇಪ್ಪತ್ತೇಳರಲ್ಲಿ ಬೊಂಬಾಯಿಯಲ್ಲಿ ಹನ್ನೊಂದು, ಬೆಂಗಳೂರಿನಲ್ಲಿ ಏಳು, ದುಬೈ ಮಸ್ಕತ್ ಸೇರಿ ಮೂರು, ಆಸ್ಟ್ರೇಲಿಯದಲ್ಲಿ ಒಬ್ಬಳು, ಊರಲ್ಲಿ ಐದು. ಹೋದ ವರ್ಷ ಎಲ್ಲರಿಗೂ ವಾಟ್ಸಾಪ್ ಮಾಡಿದೆ. ಗುಡ್ ಮಾರ್ನಿಂಗ್ ಹೂವು ಕಳಿಸುವವರೆಲ್ಲ ಅವತ್ತು ಮೌನ.

ಮಾವ: ಮೌನ ಇರಲಿ, ಒಬ್ಬಳು ನನಗೇ ಫೋನ್ ಮಾಡಿ, ಅಣ್ಣ, ಅವನು ಅಂಗಡಿ ಹೊಡೆಯಲಿಕ್ಕೆ ನೋಡುತ್ತಾನಾ ಎಂದು ಕೇಳಿದಳು. ಅವಳು ಈ ಕಟ್ಟಡ ಕಾಣದೆ ಮೂವತ್ತು ವರ್ಷ ಆಯಿತು.

(ಕುಂದಾಪುರದಲ್ಲಿ ಮಾತ್ರವಲ್ಲ, ಉಡುಪಿಯಲ್ಲೂ ಮಂಗಳೂರಿನಲ್ಲೂ ಹಳೆಯ ಬೀದಿಗಳಲ್ಲಿ ಆಲದ ಸಸಿ ಹುಟ್ಟಿದ ಗೋಡೆ ಕಂಡರೆ ಇಂಥದೇ ಒಂದು ವಂಶವೃಕ್ಷ ಒಳಗಿರುತ್ತದೆ ಎಂದುಕೊಳ್ಳಬಹುದು. ಪೇಟೆ ಅಭಿವೃದ್ಧಿಯ ಭಾಷಣಗಳಲ್ಲಿ ಬೀದಿದೀಪ, ಇಂಟರ್‌ಲಾಕ್, ಸ್ವಾಗತ ಕಮಾನು ಬರುತ್ತವೆ. ಮೂಲಗೇಣಿ ಎಂಬ ಶಬ್ದ ಬಂದದ್ದನ್ನು ನಾನು ಕೇಳಿಲ್ಲ.)

ಅಳಿಯ: ಇದಕ್ಕೇ ದುಡ್ಡು ಹೆದ್ದಾರಿಗೆ ಹೋಗುವುದು. ಅಲ್ಲಿ ಒಂದು ಆರ್‌ಟಿಸಿ, ಒಬ್ಬನೇ ಒಡೆಯ. ಕನ್ವರ್ಷನ್ ಮಾಡಿಸು, ನೈನ್ ಇಲೆವೆನ್ ನಮೂನೆ ತೆಗೆಸು, ಕಟ್ಟು. ಅದಕ್ಕೂ ಯೋಜನಾ ಪ್ರಾಧಿಕಾರಕ್ಕೆ ಅಲೆಯಬೇಕು, ಆದರೆ ಒಬ್ಬ ಅಲೆದರೆ ಸಾಕು. ಇಪ್ಪತ್ತೇಳು ಜನ ಅಲೆಯಬೇಕಾಗಿಲ್ಲ.

ಮಾವ: ಹೆದ್ದಾರಿಯ ಆ ಬದಿ ಕಟ್ಟಿದರೆ ತೆರಿಗೆ ಗ್ರಾಮ ಪಂಚಾಯತಿಗೆ. ನಮ್ಮ ಪುರಸಭೆಗೆ ಉಳಿಯುವುದು 23 ವಾರ್ಡು, ಮೂವತ್ತು ಸಾವಿರ ಜನ, ಮೂರು ಬದಿಗೂ ನೀರು. ಬೆಳೆಯಲಿಕ್ಕೆ ಜಾಗ ಎಲ್ಲಿ? ಕಚೇರಿ ಕೆಲಸಕ್ಕೆ ಬರುವವರೂ ಕಮ್ಮಿಯಾದರು. ಮೊದಲು ಶಿರೂರಿನವನು ಒಂದು ಪಹಣಿಗೂ ಇಲ್ಲಿಗೇ ಬರಬೇಕಿತ್ತು. ಬಂದವನು ಊಟ ಮಾಡಿ, ಚಪ್ಪಲಿ ಹೊಲಿಸಿ, ಮಕ್ಕಳಿಗೆ ಅಂಗಿ ತೆಗೆದುಕೊಂಡು ಹೋಗುತ್ತಿದ್ದ. 2018ರಲ್ಲಿ ಬೈಂದೂರೇ ತಾಲೂಕಾಯಿತು.

ಅಳಿಯ: ಅದು ಆಗಬೇಕಾದದ್ದೇ. ಶಿರೂರಿನವನ ಒಂದು ದಿನದ ಕೂಲಿ ಹಾಳು ಮಾಡಿ ನಮ್ಮ ಚಪ್ಪಲಿ ಅಂಗಡಿ ನಡೆಸಬೇಕಾ? ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ ಕಚೇರಿ ಇನ್ನೂ ಇಲ್ಲೇ ಇದೆ, ಇಡೀ ಉಡುಪಿ ಜಿಲ್ಲೆಗೆ ಒಂದೇ ಉಪವಿಭಾಗ. ನನಗೆ ಬೇಸರ ಇರುವುದು ಬೇರೆ. ಬೈಂದೂರು, ಬ್ರಹ್ಮಾವರ ಎರಡೂ ಹೊಸ ತಾಲೂಕು ಕೇಂದ್ರ. ಹೊಸತಾಗಿ ಪೇಟೆ ಕಟ್ಟುವ ಅವಕಾಶ ಇತ್ತು. ಎರಡೂ ಹೆದ್ದಾರಿಯ ಉದ್ದಕ್ಕೆ ಪಡುವಲಕಾಯಿಯ ಹಾಗೆ ಬೆಳೆಯುತ್ತಿವೆ.

ಮಾವ: ಬೈಂದೂರಿನಲ್ಲಿ ಬೈಂದೂರು, ಯಡ್ತರೆ, ಪಡುವರಿ ಸೇರಿಸಿ ಪಟ್ಟಣ ಪಂಚಾಯತಿ ಮಾಡಿದರು. ಗದ್ದೆ ಮಾಡುವವರಿಗೆ ಅದು ಬೇಡ. ಪಟ್ಟಣವಾದರೆ ಉದ್ಯೋಗ ಖಾತ್ರಿ ಇಲ್ಲ. ಬಾವಿ ತೋಡಿಸಿಕೊಳ್ಳುತ್ತಿದ್ದವನಿಗೆ ಪಟ್ಟಣದವನು ಎಂಬ ಬಿರುದು ಕೊಟ್ಟರೆ ಕುಡಿಯಲಿಕ್ಕಾಗುತ್ತದಾ?

ಅಳಿಯ: ಬ್ರಹ್ಮಾವರದಲ್ಲಿ ಇದರ ಉಲ್ಟಾ. ಪೇಟೆ ಒಂದೇ, ಆದರೆ ಬಹಳ ಕಾಲ ಅದು ವಾರಂಬಳ್ಳಿ, ಚಾಂತಾರು, ಹಂದಾಡಿ, ಹಾರಾಡಿ ಎಂದು ನಾಲ್ಕು ಗ್ರಾಮ ಪಂಚಾಯತಿಯಲ್ಲಿ ಹರಿದು ಹಂಚಿಹೋಗಿತ್ತು. ನಡುವೆ ಹೆದ್ದಾರಿ. ಈ ಬದಿಯ ಶಾಲೆಯ ಮಗು ಆ ಬದಿಗೆ ದಾಟಬೇಕಾದರೆ ಅಮ್ಮ ದೇವರಿಗೆ ಕೈಮುಗಿಯಬೇಕು. ಅಲ್ಲಿಯವರು ಫ್ಲೈಓವರ್ ಬೇಕು ಎಂದು ಹೋರಾಟ ಮಾಡುತ್ತಾರೆ, ನೀವು ಇಲ್ಲಿ ಫ್ಲೈಓವರ್ ಬೇಡವಿತ್ತು ಎನ್ನುತ್ತೀರಿ.

ಮಾವ: ಎರಡೂ ಸರಿ. ಅವರಿಗೆ ಕೆಳಗೆ ದಾಟಲು ಜಾಗ ಬೇಕು, ನಮಗೆ ಮೇಲಿಂದ ಇಳಿಯಲು ಜಾಗ ಬೇಕು. ಹೆದ್ದಾರಿ ಮಾಡಿದವರು ಇಬ್ಬರ ಹತ್ತಿರವೂ ಕೇಳಲಿಲ್ಲ.

(ಹಂಚಿನ ವಿಷಯ ಅಲ್ಲಿಗೇ ಬಿಟ್ಟು ನಾವು ಹೊಳೆಯ ಕಡೆ ನಡೆದೆವು. ಗಂಗೊಳ್ಳಿಯ ದೀಪಗಳು ನೀರಿನಾಚೆ ಕಾಣುತ್ತಿದ್ದವು. ಬೋಟುಗಳ ಡೀಸೆಲ್ ವಾಸನೆ ಗಾಳಿಯಲ್ಲಿತ್ತು.)

ಮಾವ: ನನಗೆ ಹತ್ತು ವರ್ಷವಾಗಿದ್ದಾಗ ಪೇಟೆ ಬೆಳಗಾಗುತ್ತಿದ್ದದ್ದು ಈ ಕಡೆಯಿಂದ. ಗಂಗೊಳ್ಳಿಯಿಂದ ಮೊದಲ ದೋಣಿಯಲ್ಲಿ ಮೀನು ಮಾರುವ ಹೆಂಗಸರು, ಎರಡನೆಯದರಲ್ಲಿ ಶಾಲೆ ಮಕ್ಕಳು. 1963ರಲ್ಲಿ ಭಂಡಾರ್ಕಾರ್ಸ್ ಕಾಲೇಜು ಸುರುವಾದ ಮೇಲೆ ಕಾಲೇಜಿನವರೂ. ಬುಟ್ಟಿಯಲ್ಲಿ ಬೈಗೆ ಮೀನು ಇನ್ನೂ ಹೊಳೆಯುತ್ತಿರುತ್ತಿತ್ತು. ಅವರೆಲ್ಲ ನಮ್ಮ ಅಂಗಡಿಯ ಎದುರೇ ನಡೆದು ಹೋಗಬೇಕು. ಈಗ ಹೆಮ್ಮಾಡಿ, ತ್ರಾಸಿ ಸುತ್ತಿ ಬಸ್ಸಿನಲ್ಲಿ ಬಂದು ಶಾಸ್ತ್ರಿ ಸರ್ಕಲ್‌ನಲ್ಲಿ ಇಳಿಯುತ್ತಾರೆ. ಕೂಗಿದರೆ ಕೇಳುವ ಊರಿಗೆ ಅಷ್ಟು ಸುತ್ತು. ಇಲ್ಲಿಗೊಂದು ಸೇತುವೆ ಬೇಕು ಎಂದು ನನ್ನ ಅಪ್ಪನ ಕಾಲದಿಂದ ಕೇಳಿದ್ದೇವೆ.

ಅಳಿಯ: ಈ ಊರಿನ ಮುಖ ಹೊಳೆಯ ಕಡೆ ಇತ್ತು. ಹೆದ್ದಾರಿ ಬಂದದ್ದು ಬೆನ್ನ ಹಿಂದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, ನಿಲ್ದಾಣ ಹೋಗಿ ಮೂಡ್ಲಕಟ್ಟೆಯಲ್ಲಿ ಕೂತಿತು, ಇನ್ನೂ ಹಿಂದೆ. ಪೇಟೆ ಇವತ್ತಿಗೂ ಹೊಳೆಯ ಕಡೆ ನೋಡುತ್ತಾ ಕೂತಿದೆ, ಗಿರಾಕಿ ಬರುವುದು ಹಿಂಬಾಗಿಲಿನಿಂದ.

ಮಾವ: ಹಾಗಾದರೆ ನಿನ್ನ ಮದ್ದು ಎಂತ? ಭಾಷಣ ಬೇಡ, ಒಂದು ಹೇಳು.

ಅಳಿಯ: ಮೇಲೆ ಮನೆ. ಮಾಲ್ ಬೇಡ, ಪಾರ್ಕಿಂಗಿಗೆ ನಾಲ್ಕು ಮಾಳಿಗೆ ಬೇಡ. ಈ ಬೀದಿಯ ಉಪ್ಪರಿಗೆಗಳಲ್ಲಿ ನೂರು ಸಂಸಾರ ಇದ್ದರೆ ಸಾಕು. ಬೆಳಿಗ್ಗೆ ಹಾಲು ಬೇಕು, ರಾತ್ರಿ ಮಾತ್ರೆ ಬೇಕು, ಮಗುವಿಗೆ ಪೆನ್ಸಿಲ್ ಬೇಕು. ಅಂಗಡಿ ತಾನಾಗಿ ಹತ್ತು ಗಂಟೆಯವರೆಗೆ ತೆರೆದಿರುತ್ತದೆ. ಆಸ್ಪತ್ರೆಯ ನರ್ಸುಗಳು, ಕೋರ್ಟಿನ ಗುಮಾಸ್ತರು, ವರ್ಗವಾಗಿ ಬರುವ ಲೆಕ್ಚರರುಗಳು ಬಾಡಿಗೆ ಮನೆಗೆ ಊರೆಲ್ಲ ಹುಡುಕುತ್ತಾರೆ. ನಡೆದು ಹೋಗುವ ದೂರದಲ್ಲಿ ನಮ್ಮ ಉಪ್ಪರಿಗೆಯಲ್ಲಿ ಬಾವಲಿ ಇದೆ.

ಮಾವ: ಮಲದ ಗುಂಡಿ ಎಲ್ಲಿ ತೋಡುತ್ತಿ? ಹಿತ್ತಿಲಲ್ಲಿ ಬಾವಿ ಇದೆ, ಪಕ್ಕದವರ ಗುಂಡಿ ಅದಕ್ಕೆ ಹತ್ತೇ ಅಡಿ. ಯುಜಿಡಿ ಯುಜಿಡಿ ಎಂದು ರಸ್ತೆ ಅಗೆದದ್ದೇ ಅಗೆದದ್ದು. ನೂರು ಸಂಸಾರ ತಂದು ಕೂರಿಸಿದರೆ ನೂರು ಸಂಸಾರದ್ದೂ ಈ ಹೊಳೆಗೆ.

(ಅಳಿಯ ತಕ್ಷಣ ಉತ್ತರ ಕೊಡಲಿಲ್ಲ. ಇದು ಈ ಸಂಜೆಯ ಅತ್ಯಂತ ಗಟ್ಟಿಯಾದ ಮಾತು ಎಂದು ನನಗೂ ಅನಿಸಿತು. ಒಳಚರಂಡಿ ಇಲ್ಲದ ಪೇಟೆಯಲ್ಲಿ ಜನ ವಾಸ ಮಾಡಲಿ ಎನ್ನುವುದು ಬರಿಯ ಕವಿತೆ.)

ಅಳಿಯ: ಒಪ್ಪಿದೆ. ಮೊದಲು ಅದೇ ಆಗಬೇಕು. ಕಮಾನು ಕಟ್ಟುವ ದುಡ್ಡು ಅದಕ್ಕೆ ಹಾಕಲಿ. ಅದು ಪುರಸಭೆಯ ಪಾಲಿನ ಕೆಲಸ. ನಮ್ಮ ಪಾಲಿನದ್ದು ಇಪ್ಪತ್ತೇಳು ಸಹಿ. ಮಾರುವುದಕ್ಕಲ್ಲ ಮಾವ. ಹದಿನೈದು ವರ್ಷಕ್ಕೆ ಒಬ್ಬರ ಹೆಸರಿಗೆ ಪವರ್ ಆಫ್ ಅಟಾರ್ನಿ, ಬಂದ ಬಾಡಿಗೆಯಲ್ಲಿ ಮೊದಲು ಮಾಡು, ಆಮೇಲೆ ಪಾಲು.

ಮಾವ: ಒಬ್ಬರು ಎಂದರೆ ಯಾರು, ನೀನಾ?

ಅಳಿಯ: ಯಾರಾದರೂ. ನೀವೇ ಆಗಿ.

ಮಾವ: ನಾನಾದರೆ ಅವರು ಸಹಿ ಹಾಕಿಯಾರು. ನೀನಾದರೆ ಹಾಕುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಉಪ್ಪರಿಗೆ ರಿಪೇರಿ ಆಯಿತು ಎಂದೇ ಇಟ್ಟುಕೋ. ನೀನು ಹೆಂಡತಿ ಮಗುವನ್ನು ಕರೆದುಕೊಂಡು ಇಲ್ಲಿ ಬಂದು ಇರುತ್ತೀಯಾ? ಕೋಟೇಶ್ವರದ ಮನೆ ಬಿಟ್ಟು?

ಅಳಿಯ: ಕಾರು ಎಲ್ಲಿ ನಿಲ್ಲಿಸುವುದು?

(ಮಾವ ಈಗ ನಕ್ಕರು. ಬಹಳ ಹೊತ್ತು ನಕ್ಕರು. ಅಳಿಯನೂ ಕೊನೆಗೆ ನಕ್ಕ.)

ಮರುದಿನ ಪಕಾಸು ಬದಲಿಸಲು ಬಡಗಿ ಬಂದ. ಸಾಲ ಮಾಡಿ ಖರ್ಚು ಹಾಕಿದ್ದು ಅಳಿಯನೇ. ಪವರ್ ಆಫ್ ಅಟಾರ್ನಿಯ ಕರಡು ಮಾವನ ಹೆಸರಿನಲ್ಲಿ ಸಿದ್ಧವಾಗಿದೆ, ಊರಲ್ಲಿರುವ ಐದು ಸಹಿ ಆಗಿದೆ. ಉಳಿದವರಿಗೆ ಮಾವ ದಿನಕ್ಕೆ ಇಬ್ಬರ ಹಾಗೆ ಫೋನ್ ಮಾಡುತ್ತಿದ್ದಾರೆ. ಅವರಿಗೆ ಮೊಬೈಲು ಒಗ್ಗುವುದಿಲ್ಲ, ಮನೆಯ ಹಳೆಯ ದೂರವಾಣಿಯಿಂದಲೇ ಮಾಡುತ್ತಾರೆ. ಬೊಂಬಾಯಿ, ಬೆಂಗಳೂರುಗಳಲ್ಲಿ ಇದನ್ನು ಓದುತ್ತಿರುವವರಲ್ಲಿ ಒಂದು ವಿನಂತಿ: ಕುಂದಾಪುರದ ಪೇಟೆಯಲ್ಲೋ ಇನ್ನಾವುದೋ ಹಳೆ ಪೇಟೆಯಲ್ಲೋ ನಿಮಗೂ ಒಂದು ಪಾಲು ಇದ್ದರೆ, 08254ರಿಂದ ಸುರುವಾಗುವ ನಂಬರಿನಿಂದ ಕರೆ ಬಂದಾಗ ಸಾಲ ಕೊಡುವ ಕಂಪೆನಿಯವರೆಂದು ಕಟ್ ಮಾಡಬೇಡಿ.